ಸ್ಕಿಮ್ಮರಿನ ವಾಲ್ವ್ ತಿರುಗಿಸುವ ಮುಂಚೆ ಸಂಪಿನ ನೀರು ಅಳೆಯಿರಿ

ಮಂಗಳೂರಿನ ನಮ್ಮ ಮನೆಯಲ್ಲಿರುವ ಕಡಲ ಮೀನಿನ ಟ್ಯಾಂಕು ನಾಲ್ಕಡಿ ಉದ್ದದ್ದು. ಅಗಲ, ಎತ್ತರ ಎರಡೂ ಒಂದೂವರೆ ಅಡಿ. ಕೆಳಗಿನ ಕ್ಯಾಬಿನೆಟ್ಟಿನಲ್ಲಿ ಮೂರು ಖಾನೆಯ ಗಾಜಿನ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಬಂದು ಪಂಪಿನಿಂದ ಮತ್ತೆ ಮೇಲೆ ಹೋಗುವ ತೊಟ್ಟಿ. ಕಲ್ಲು, ಮರಳು ಹಿಡಿಯುವ ಜಾಗ ಕಳೆದರೆ ಎಲ್ಲ ಸೇರಿ 250 ಲೀಟರಿನ ಆಸುಪಾಸು ಉಪ್ಪುನೀರು. ಒಳಗೆ ಹ್ಯಾಚರಿಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ, ಯಾರನ್ನೂ ನೆಮ್ಮದಿಯಾಗಿ ಇರಲು ಬಿಡದ ಡ್ಯಾಮ್ಸೆಲ್‌ಗಳು. ಕಲ್ಲು ಸೆರಾಮಿಕ್‌ನದ್ದು. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲನ್ನು ಯಾರಾದರೂ ಕಡಿಮೆ ಕ್ರಯಕ್ಕೆ ಕೊಡುತ್ತೇನೆ ಅಂದರೆ ಅವರಿಂದ ದೂರ ಇರುವುದೇ ಒಳ್ಳೆಯದು.

ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸಾಧನವೇ ಸ್ಕಿಮ್ಮರ್. ಹಳೆಯದರ ಪಂಪು ಶಾಫ್ಟ್ ಸವೆದು ಗರಗರ ಅನ್ನಲು ಶುರು ಮಾಡಿತ್ತು, ಬಿಡಿಭಾಗ ಸಿಗಲಿಲ್ಲ. ಹೊಸದು ಸಂಪಿನೊಳಗೇ ಕೂರುವ ನೀಡಲ್ ವೀಲ್ ಮಾದರಿ, ಪಂಪಿನ ಸೂಜಿಚಕ್ರವೇ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವಂಥದ್ದು. ಡಬ್ಬದ ಮೇಲೆ 500 ಲೀಟರಿನ ಟ್ಯಾಂಕಿಗೆ ಅಂತ ಇತ್ತು. ಆ ಅಂಕಿಯನ್ನು ಅರ್ಧ ಮಾಡಿ ಓದುವುದು ನನ್ನ ಅಭ್ಯಾಸ. ಹಾಗಂತ ದೊಡ್ಡದಾದಷ್ಟೂ ಒಳ್ಳೆಯದು ಅಂತಲ್ಲ. ಮೀನು ಕಡಿಮೆ ಇರುವ ಟ್ಯಾಂಕಿಗೆ ಭಾರೀ ಸ್ಕಿಮ್ಮರ್ ಹಾಕಿದರೆ ನೊರೆ ಕಟ್ಟಲು ಬೇಕಾದ ಕೊಳೆಯೇ ನೀರಿನಲ್ಲಿ ಇರುವುದಿಲ್ಲ. ನೊರೆ ಅರ್ಧ ದಾರಿ ಹತ್ತಿ ಒಡೆದು ಕೆಳಗೆ ಬೀಳುತ್ತಾ ಇರುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸ್ಕಿಮ್ಮರ್ ಸರಿಯಿಲ್ಲ ಅಂತ ಜನ ಹೇಳುವ ತಕರಾರುಗಳಲ್ಲಿ ಮುಕ್ಕಾಲು ಪಾಲು ಅದು ನಿಂತಿರುವ ನೀರಿನ ತಕರಾರು. ಸುತ್ತಲಿನ ನೀರಿನ ಮಟ್ಟ ಒಂದು ಸೆಂಟಿಮೀಟರ್ ಏರಿದರೆ ಒಳಗಿನ ಮಟ್ಟವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಳಗ್ಗೆ ವಾಲ್ವಿನಲ್ಲಿ ಮಾಡಿದ ಹೊಂದಾಣಿಕೆ ಸಂಜೆಗೆ ಸುಳ್ಳಾಗುತ್ತದೆ. ಆಮೇಲೆ ಮತ್ತೆ ತಿರುಗಿಸುವುದು, ಮತ್ತೆ ಕಾಯುವುದು.

ಸ್ಕಿಮ್ಮರ್ ಮಾಡುವ ಕೆಲಸ ನೋಡಬೇಕಾದರೆ ಮಳೆಗಾಲದಲ್ಲಿ ಪಣಂಬೂರಿಗೋ ಸುರತ್ಕಲ್‌ಗೋ ಹೋಗಿ ದಡದಲ್ಲಿ ನಿಂತರೆ ಸಾಕು. ಅಲೆ ಹೊಡೆದಲ್ಲೆಲ್ಲ ಕಂದು ನೊರೆ ರಾಶಿ ಬಿದ್ದು ಗಾಳಿಗೆ ಹೊರಳುತ್ತಿರುತ್ತದೆ. ಕಡಲಿನ ನೀರಿನಲ್ಲಿ ಕರಗಿದ ಜೈವಿಕ ಪದಾರ್ಥಗಳಲ್ಲಿ ಕೆಲವಕ್ಕೆ ಒಂದು ತುದಿ ನೀರಿಗೆ ಒಲಿಯುವಂಥದ್ದು, ಇನ್ನೊಂದು ತುದಿ ನೀರಿನಿಂದ ಓಡುವಂಥದ್ದು. ಗಾಳಿ ಮತ್ತು ನೀರು ಸೇರುವ ಗೆರೆಯೇ ಅವಕ್ಕೆ ಹಿತವಾದ ಜಾಗ. ಗುಳ್ಳೆ ಎಬ್ಬಿಸಿದರೆ ಅದರ ಮೈಗೆ ಅಂಟಿಕೊಂಡು ಮೇಲೆ ಬರುತ್ತವೆ. ಸ್ಕಿಮ್ಮರ್ ಮಾಡುವುದೂ ಇದನ್ನೇ, ಒಂದು ಕೊಳವೆಯೊಳಗೆ. ಮೇಲೇರಿದ ನೊರೆ ಕೊಳವೆಯ ತಲೆಯ ಮೇಲಿನ ಕಪ್‌ಗೆ ಚೆಲ್ಲುತ್ತದೆ, ನೀರು ಕೆಳಗಿನಿಂದ ಸಂಪಿಗೆ ವಾಪಸು ಹೋಗುತ್ತದೆ. ಹೀಗೆ ಹೊರಹೋಗುವ ನೀರಿಗೆ ಇರುವುದೇ ವಾಲ್ವ್, ಮುಚ್ಚಿದಷ್ಟೂ ಒಳಗಿನ ಮಟ್ಟ ಏರುತ್ತದೆ. ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯಾ, ಆಮೇಲೆ ನೈಟ್ರೇಟ್ ಆಗುವ ಮುಂಚೆಯೇ ಒಂದು ಪಾಲು ಹೊರಗೆ ಹೋಯಿತು ಅಂತ ಲೆಕ್ಕ. ಆಗಲೇ ನೈಟ್ರೇಟ್ ಆಗಿರುವುದನ್ನು ಇದು ತೆಗೆಯುವುದಿಲ್ಲ. ಅದಕ್ಕೆ ನೀರು ಬದಲಾಯಿಸಲೇಬೇಕು.

ಉಪ್ಪಿಗೂ ಇದರಲ್ಲಿ ಪಾತ್ರ ಉಂಟು. ಸಿಹಿನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದಕ್ಕೊಂದು ತಾಗಿದ ಕೂಡಲೇ ಸೇರಿ ದೊಡ್ಡದಾಗುತ್ತವೆ, ಉಪ್ಪುನೀರಿನಲ್ಲಿ ಬೇರೆ ಬೇರೆಯಾಗಿ ಉಳಿಯುತ್ತವೆ. ಆದ್ದರಿಂದ ಹೊಸ ಸ್ಕಿಮ್ಮರನ್ನು ನಲ್ಲಿನೀರಿನ ಬಕೆಟ್ಟಿನಲ್ಲಿ ಓಡಿಸಿ, ದಪ್ಪ ದಪ್ಪ ಗುಳ್ಳೆ ಕಂಡು, ಮಾಲು ಸರಿಯಿಲ್ಲ ಅಂತ ತೀರ್ಮಾನಿಸಬಾರದು. ಬಕೆಟ್ಟಿನಲ್ಲಿ ನೋಡಬೇಕಾದದ್ದು ಸೋರಿಕೆ ಮತ್ತು ಸದ್ದು ಮಾತ್ರ. ನಾನು ಉಪ್ಪು ಕಲಸುವುದು ಆರ್‌ಒ ನೀರಿಗೆ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.026, ಅಂದರೆ ಸಾವಿರಕ್ಕೆ 35ರಷ್ಟು ಉಪ್ಪು ನೋಡಿಕೊಳ್ಳುತ್ತೇನೆ. ಕಡಲು ಮನೆಯ ಹತ್ತಿರವೇ ಇರುವಾಗ ಉಪ್ಪಿನ ಡಬ್ಬಕ್ಕೆ ಯಾಕೆ ದುಡ್ಡು ಅಂತ ಕೇಳುವವರಿದ್ದಾರೆ. ನೇತ್ರಾವತಿ, ಫಲ್ಗುಣಿ ಎರಡೂ ಬೆಂಗ್ರೆ ಮತ್ತು ಉಳ್ಳಾಲದ ನಡುವಿನ ಅಳಿವೆಯಲ್ಲಿ ಕಡಲು ಸೇರುತ್ತವೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ದಡದ ನೀರು ತೆಳ್ಳಗೆ, ಕೆಂಪಗೆ. ಆ ನೀರು ತಂದರೆ ಉಪ್ಪೂ ಕಡಿಮೆ, ಕೆಸರೂ ಉಚಿತ.

ಸ್ಟ್ಯಾಂಡ್

ನನ್ನ ಸಂಪಿನಲ್ಲಿ ಸ್ಕಿಮ್ಮರ್ ಇರುವುದು ನಡುವಿನ ಖಾನೆಯಲ್ಲಿ. ಇದನ್ನು ಬೇಕೆಂದೇ ಹಾಗೆ ಮಾಡಿಸಿದ್ದು. ನೀರು ಆವಿಯಾದಾಗ ಮಟ್ಟ ಇಳಿಯುವುದು ಕೊನೆಯ ಖಾನೆಯಲ್ಲಿ, ನೀರನ್ನು ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್ ಇರುವಲ್ಲಿ. ನಡುವಿನ ಖಾನೆಯ ಮಟ್ಟವನ್ನು ಅದರ ಮುಂದಿನ ಗಾಜಿನ ಅಡ್ಡಗೋಡೆ, ಅಂದರೆ ಬ್ಯಾಫಲ್, ತೀರ್ಮಾನಿಸುತ್ತದೆ, ಅದು ಬದಲಾಗುವುದಿಲ್ಲ. ರಿಟರ್ನ್ ಪಂಪಿನ ಪಕ್ಕದಲ್ಲೇ ಸ್ಕಿಮ್ಮರ್ ಇಟ್ಟವರಿಗೆ ಏಪ್ರಿಲ್ ಸೆಕೆಯಲ್ಲಿ ದಿನವೂ ವಾಲ್ವ್ ತಿರುಗಿಸುವ ಕೆಲಸ. ಬೇರೆ ಜಾಗವೇ ಇಲ್ಲದಿದ್ದರೆ ನೀರು ತಾನಾಗಿ ತುಂಬಿಕೊಳ್ಳುವ ಫ್ಲೋಟ್ ವಾಲ್ವ್ ಒಂದನ್ನು ಹಾಕಲೇಬೇಕು.

ಬ್ಯಾಫಲ್‌ನ ಎತ್ತರ 26 ಸೆಂ.ಮೀ. ಈ ಸ್ಕಿಮ್ಮರ್ ಕೇಳುವುದು 18ರಿಂದ 20 ಸೆಂ.ಮೀ. ಆಳದ ನೀರು. ನೇರ ಕಳೆದರೆ 7 ಸೆಂ.ಮೀ. ಸ್ಟ್ಯಾಂಡ್ ಸಾಕು ಅನ್ನಿಸುತ್ತದೆ. ಆದರೆ ನೀರು ಬ್ಯಾಫಲ್‌ನ ಅಂಚಿಗೆ ಸರಿಸಮನಾಗಿ ನಿಲ್ಲುವುದಿಲ್ಲ, ಅಂಚಿನ ಮೇಲೆ ಹಾದು ಹೋಗಲು ಅದಕ್ಕೊಂದಿಷ್ಟು ದಪ್ಪ ಬೇಕು. ಗಂಟೆಗೆ 1500 ಲೀಟರ್ ಹರಿಯುವಾಗ ನನ್ನ ಸಂಪಿನ ಅಗಲಕ್ಕೆ ಅದು ಸುಮಾರು 8 ಮಿ.ಮೀ. ಅಂದರೆ ನಿಜವಾದ ಮಟ್ಟ 26.8. ಪಂಪು ಓಡುತ್ತಿರುವಾಗಲೇ ಸ್ಕೇಲ್ ಇಳಿಸಿ ಅಳೆಯಿರಿ ಅನ್ನುವುದು ಇದಕ್ಕೇ. ಸ್ಟ್ಯಾಂಡನ್ನು 7.5ಕ್ಕೆ ಮಾಡಿದೆ. ಉಳಿದದ್ದು 19.3, ಸ್ಕಿಮ್ಮರ್ ಕೇಳಿದ್ದರ ಹೆಚ್ಚುಕಡಿಮೆ ನಡುವೆ.

ಅಕ್ರಿಲಿಕ್ ತುಂಡಿಗೆ ಹಂಪನಕಟ್ಟೆ ಕಡೆಯ ಬೋರ್ಡ್ ಮಾಡುವ ಅಂಗಡಿಗೆ ಹೋದೆ.

"ಬೋರ್ಡಿಗಾ ಸರ್?"

"ಅಲ್ಲ ಮಾರಾಯ್ರೆ, ಮೀನಿನ ಟ್ಯಾಂಕಿನ ಅಡಿಯಲ್ಲಿ ಇಡ್ಲಿಕ್ಕೆ. ಆರು ಎಂಎಂದು ಉಂಟಾ?"

"ಉಂಟು. ಒಳಗೆ ಇಡುದಾದ್ರೆ ಅಂಚಿಗೆ ಪಾಲಿಶ್ ಎಂತಕ್ಕೆ? ವೇಸ್ಟ್ ಪೀಸಿನಲ್ಲೇ ಕೊಯ್ದು ಕೊಡ್ತೇನೆ, ಕಮ್ಮಿಗೆ ಆಗ್ತದೆ."

ಕಾಲಿಗೆ 40 ಮಿ.ಮೀ. ಯುಪಿವಿಸಿ ಪೈಪನ್ನು 69 ಮಿ.ಮೀ.ಗೆ ನಾಲ್ಕು ತುಂಡು ಮಾಡಿದೆ. ಹಲಗೆಯ ಆರು ಸೇರಿ 75. ಪ್ರತಿ ತುಂಡಿಗೂ ತೂತು ಕೊರೆದದ್ದು ಒಳಗೆ ನೀರು ಕಟ್ಟಿಕೊಂಡು ಕೊಳೆಯದಿರಲಿ ಅಂತ. ಅಂಟು ಹಚ್ಚಲಿಲ್ಲ, ಹಲಗೆಗೂ ಕಾಲಿಗೂ ಸಣ್ಣ ತೂತು ಮಾಡಿ ನೈಲಾನ್ ಕೇಬಲ್ ಟೈ ಬಿಗಿದೆ. ಲೋಹದ ಸ್ಕ್ರೂ ಉಪ್ಪುನೀರಿನಲ್ಲಿ ಬೇಡವೇ ಬೇಡ, ಸ್ಟೇನ್‌ಲೆಸ್ ಅಂತ ಬರೆದಿದ್ದರೂ. ನಾಲ್ಕು ಕಾಲೂ ಸಮ ಇವೆಯೋ ಅಂತ ನೆಲದ ಟೈಲಿನ ಮೇಲಿಟ್ಟು ಅಲ್ಲಾಡಿಸಿ ನೋಡಿ, ಉದ್ದ ಇದ್ದದ್ದನ್ನು ಉಪ್ಪುಕಾಗದಕ್ಕೆ ಉಜ್ಜಬೇಕು. ಸ್ಕಿಮ್ಮರ್ ಸ್ವಲ್ಪ ವಾಲಿದರೂ ನೊರೆ ಒಂದು ಬದಿಯಲ್ಲಿ ಮಾತ್ರ ಹತ್ತುತ್ತದೆ. ಎತ್ತರಿಸುವ ಮುಂಚೆ ಮೇಲೆ ಜಾಗ ಇದೆಯೋ ಅದನ್ನೂ ನೋಡಿಕೊಳ್ಳಿ. ಕಪ್ ತೆಗೆಯಲು ನಾಲ್ಕಿಂಚಾದರೂ ಖಾಲಿ ಬೇಕು, ಇಲ್ಲದಿದ್ದರೆ ಪ್ರತಿ ಸಲ ಇಡೀ ಸ್ಕಿಮ್ಮರನ್ನೇ ಎತ್ತಬೇಕಾಗುತ್ತದೆ.

ಮೊದಲ ಓಟ

ಹೊಸ ಅಕ್ರಿಲಿಕ್ ಮೈಗೆ ಕಾರ್ಖಾನೆಯ ಎಣ್ಣೆ, ಪುಡಿ ಅಂಟಿರುತ್ತದೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಕೆಟ್ಟಿನಲ್ಲಿ ಒಂದಷ್ಟು ಹೊತ್ತು ಓಡಿಸಿ ತೊಳೆದೆ. ಸೋಪು ತಾಗಿಸಲಿಲ್ಲ, ತಾಗಿಸಲೂಬಾರದು. ಇಷ್ಟು ಮಾಡಿದರೂ ಹೊಸ ಸ್ಕಿಮ್ಮರ್ ಕೂಡಲೇ ಹಾದಿಗೆ ಬರುವುದಿಲ್ಲ. ಒಳಗೋಡೆಯ ಮೇಲೆ ತೆಳ್ಳಗಿನ ಜೈವಿಕ ಪೊರೆ ಕಟ್ಟುವವರೆಗೆ ಅದರ ಮೂಡು ಹೇಗೆಂದು ಹೇಳಲಾಗದು. ಕೆಲವು ದಿನ ಸುಮ್ಮನೆ ಉಕ್ಕುತ್ತದೆ, ಕೆಲವು ದಿನ ನೊರೆಯೇ ಇಲ್ಲ. ಒಂದೆರಡು ವಾರ ಹಿಡಿಯುವುದು ಸಾಮಾನ್ಯ. ಈ ಅವಧಿಯಲ್ಲಿ ವಾಲ್ವ್ ಪೂರ್ತಿ ತೆರೆದಿಟ್ಟು, ಕಪ್‌ನ ಡ್ರೈನ್ ಪೈಪನ್ನು ಸಂಪಿಗೇ ಬಿಟ್ಟಿದ್ದೆ. ಉಕ್ಕಿದರೆ ಉಕ್ಕಲಿ, ನೀರು ಎಲ್ಲಿಗೂ ಹೋಗುವುದಿಲ್ಲ. ಮೇಲಿನ ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳು ಕಾಣಿಸಿದವು, ಅವೂ ತಾವಾಗಿಯೇ ಕಡಿಮೆಯಾದವು.

ಹೊಂದಾಣಿಕೆ ಶುರು ಮಾಡಿದ್ದು ಆಮೇಲೆ. ಟಾರ್ಚನ್ನು ಬದಿಯಿಂದ ಹಿಡಿದರೆ ಒಳಗೆ ಎರಡು ಪದರ ಸ್ಪಷ್ಟವಾಗಿ ಕಾಣುತ್ತದೆ. ಕೆಳಗೆ ಬೆಳ್ಳಗೆ ಸುತ್ತುವ ಗುಳ್ಳೆನೀರು. ಅದರ ಮೇಲೆ, ಗುಳ್ಳೆಗಳ ನಡುವಿನ ನೀರು ಬಸಿದು ಹೋಗಿ, ಒಂದಕ್ಕೊಂದು ಒತ್ತಿಕೊಂಡು ಜೇನುಗೂಡಿನ ಕಣ್ಣುಗಳಂತೆ ನಿಂತ ನೊರೆ. ಆ ನೊರೆ ಏರುವುದು ಬಹಳ ನಿಧಾನ. ಒಂದು ಗುಳ್ಳೆಯ ಮೇಲೆ ಕಣ್ಣಿಟ್ಟರೆ ಅದು ಅಂಗುಲ ಏರುವಷ್ಟರಲ್ಲಿ ಪಕ್ಕದ್ದು ಒಡೆದಿರುತ್ತದೆ, ಒಡೆದದ್ದರ ಕೊಳೆ ಕುತ್ತಿಗೆಯ ಗೋಡೆಗೆ ಕಂದು ಗೆರೆಯಾಗಿ ಅಂಟಿರುತ್ತದೆ. ಈ ಎರಡು ಪದರ ಸೇರುವ ಗೆರೆ, ಸ್ಕಿಮ್ಮರಿನ ಹೊಟ್ಟೆ ಕಿರಿದಾಗಿ ಕುತ್ತಿಗೆ ಶುರುವಾಗುವಲ್ಲಿಗೆ ಅಥವಾ ಅದಕ್ಕಿಂತ ಒಂದು ಬೆರಳು ಮೇಲಕ್ಕೆ ಬರಬೇಕು. ವಾಲ್ವನ್ನು ಕಾಲು ಸುತ್ತು ಮುಚ್ಚುವುದು, ಮರುದಿನದವರೆಗೆ ಕ್ಯಾಬಿನೆಟ್ ಬಾಗಿಲು ಹಾಕಿಬಿಡುವುದು. ಐದು ನಿಮಿಷಕ್ಕೊಮ್ಮೆ ಬಗ್ಗಿ ನೋಡಿ ತಿರುಗಿಸುವವರಿಗೆ ಯಾವ ಸುತ್ತಿನ ಫಲ ಯಾವುದು ಅಂತ ಎಂದೂ ಗೊತ್ತಾಗುವುದಿಲ್ಲ.

ಗೆರೆ ಮೇಲಿದ್ದಷ್ಟೂ ಕಪ್‌ಗೆ ಬೀಳುವುದು ತೆಳು, ಜಾಸ್ತಿ. ಕೆಳಗಿದ್ದಷ್ಟೂ ಗಟ್ಟಿ, ಕಮ್ಮಿ. ಡಾಂಬರಿನ ಬಣ್ಣದ ಗಟ್ಟಿ ಕೊಳೆ ಕಂಡರೆ ಖುಷಿಪಡುವವರು ಬಹಳ ಮಂದಿ. ನನ್ನ ಮತ ಬೇರೆ. ಅಷ್ಟು ಒಣಗಿಸಿದರೆ ಅರ್ಧ ಕೊಳೆ ಕುತ್ತಿಗೆಯಲ್ಲೇ ಉಳಿದು ನೊರೆಯ ದಾರಿ ಕಟ್ಟುತ್ತದೆ. ಖಡಕ್ ಚಹಾದ ಬಣ್ಣಕ್ಕೆ ಇಡುತ್ತೇನೆ. ಇದರಲ್ಲಿ ಉಪ್ಪುನೀರು ಸ್ವಲ್ಪ ಹೆಚ್ಚು ಹೊರಗೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಫ್ಲೋಟ್ ವಾಲ್ವ್ ಸಿಹಿನೀರು ತುಂಬುವುದರಿಂದ ಉಪ್ಪು ನಿಧಾನಕ್ಕೆ ಇಳಿಯುತ್ತದೆ, ವಾರಕ್ಕೊಮ್ಮೆ ಅಳೆಯಬೇಕು. ಕುತ್ತಿಗೆಯ ಒಳಭಾಗವನ್ನು ಎರಡು ಮೂರು ದಿನಕ್ಕೊಮ್ಮೆ ಒರೆಸುವುದು ತಪ್ಪಿಸಬಾರದು. ಅಲ್ಲಿ ಜಿಡ್ಡು ದಪ್ಪವಾದರೆ ನೊರೆ ಅದಕ್ಕೆ ತಾಗಿದಲ್ಲೇ ಒಡೆಯುತ್ತದೆ.

ಗಾಳಿ ಅಳೆಯುವುದು

ನೀರಿನ ಮಟ್ಟ ಸರಿಯಿದ್ದೂ ನೊರೆ ಸಪ್ಪೆಯಾದರೆ ಎರಡನೆಯ ಸಂಶಯ ಗಾಳಿಯ ಮೇಲೆ. ಗಾಳಿಯ ಮೀಟರ್ ಕೊಳ್ಳಬೇಕಾಗಿಲ್ಲ. ಎರಡು ಲೀಟರಿನ ಪೆಟ್ ಬಾಟಲಿಯ ತಳ ಕೊಯ್ದು, ಮುಚ್ಚಳಕ್ಕೆ ತೂತು ಮಾಡಿ ಸ್ಕಿಮ್ಮರಿನ ಗಾಳಿಪೈಪನ್ನು ಬಿಗಿಯಾಗಿ ಸಿಕ್ಕಿಸಬೇಕು. ಬಾಟಲಿಯ ಮೇಲೆ ಒಂದು ಲೀಟರಿನ ಅಂತರಕ್ಕೆ ಎರಡು ಗುರುತು ಹಾಕಿಕೊಳ್ಳಿ. ಕೊಯ್ದ ಬಾಯಿ ಕೆಳಗೆ ಮಾಡಿ ತುಂಬಿದ ಬಕೆಟ್ಟಿನಲ್ಲಿ ಹಿಡಿದರೆ, ಸ್ಕಿಮ್ಮರ್ ಗಾಳಿ ಎಳೆದಂತೆಲ್ಲ ನೀರು ಬಾಟಲಿಯೊಳಗೆ ಏರುತ್ತದೆ. ಒಳಗಿನ ಮಟ್ಟ ಹೊರಗಿನದ್ದಕ್ಕಿಂತ ಮೇಲೆ ಹೋಗದಂತೆ ಬಾಟಲಿಯನ್ನು ಕೆಳಗೆ ಒತ್ತುತ್ತಾ ಹೋಗಬೇಕು, ಇಲ್ಲದಿದ್ದರೆ ಎಳೆತ ಹೆಚ್ಚಾಗಿ ಲೆಕ್ಕ ತಪ್ಪುತ್ತದೆ. ಒಂದು ಲೀಟರಿಗೆ 9 ಸೆಕೆಂಡ್ ಅಂದರೆ ಗಂಟೆಗೆ 400 ಲೀಟರ್. 12 ಸೆಕೆಂಡ್ ಆದರೆ 300. ಹೊಸದಾಗಿದ್ದಾಗಿನ ಅಂಕಿಯನ್ನು ಕ್ಯಾಬಿನೆಟ್ ಬಾಗಿಲಿನ ಒಳಬದಿಯಲ್ಲಿ ಮಾರ್ಕರಿನಿಂದ ಬರೆದಿಟ್ಟಿದ್ದೇನೆ. ನೀರು ಮುಚ್ಚಳ ತಲುಪುವ ಮುಂಚೆ ಪೈಪ್ ಕಿತ್ತುಬಿಡಿ.

ಗಾಳಿ ಕಡಿಮೆಯಾಗುವುದು ಹೆಚ್ಚಾಗಿ ವೆಂಚುರಿಯ, ಅಂದರೆ ಪಂಪು ಗಾಳಿ ಎಳೆದುಕೊಳ್ಳುವ ಕಿರಿದಾದ ಜಾಗದ, ಬಾಯಲ್ಲಿ ಉಪ್ಪು ಗಟ್ಟಿಯಾಗಿ. ಗಾಳಿಪೈಪಿನ ತುದಿಯನ್ನು ಉಗುರುಬೆಚ್ಚಗಿನ ಆರ್‌ಒ ನೀರಿನ ಲೋಟಕ್ಕೆ ಅದ್ದಿದರೆ ಪಂಪೇ ನೀರೆಳೆದುಕೊಂಡು ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಇಂಪೆಲ್ಲರಿನ, ಅಂದರೆ ಪಂಪಿನ ಸೂಜಿಚಕ್ರದ, ಮೇಲೆ ಸುಣ್ಣ ಕೂತಿದೆ ಅಂತ ಅರ್ಥ. ಬಿಚ್ಚಿ ವಿನೆಗರಿನಲ್ಲಿ ನೆನೆಹಾಕುವುದು. ಸೂಜಿಗಳನ್ನು ಗಟ್ಟಿ ಬ್ರಶ್ಶಿನಿಂದ ತಿಕ್ಕಬೇಡಿ, ಮುರಿದರೆ ಗುಳ್ಳೆ ದಪ್ಪವಾಗುತ್ತದೆ.

ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಜಡಿಮಳೆಯಲ್ಲಿ ಕಿಟಕಿಗಳೆಲ್ಲ ಮುಚ್ಚಿದ ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಏರಿ ಟ್ಯಾಂಕಿನ ಪಿಎಚ್ ಇಳಿಯುತ್ತದೆ. ಗಾಳಿಪೈಪನ್ನು ಕಿಟಕಿಯಾಚೆಗೆ ಎಳೆದರೆ ಪಿಎಚ್ ಸುಧಾರಿಸುತ್ತದೆ, ಹಾಗೆ ಮಾಡಿದವರು ಬಹಳ. ನಮ್ಮ ಬಿಜೈ ಕಡೆ ನನಗೆ ಧೈರ್ಯ ಬರಲಿಲ್ಲ. ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿ ಅಂತ ಸೊಳ್ಳೆಗೆ ಹೊಗೆ ಬಿಡುವುದು ಇದ್ದೇ ಇದೆ. ಆ ಕೀಟನಾಶಕ ಗಂಟೆಗೆ 400 ಲೀಟರ್ ಲೆಕ್ಕದಲ್ಲಿ ನೀರಿಗೆ ಬೆರೆತರೆ ಮೀನಿನ ಗತಿ ಏನು? ಪೈಪು ಒಳಗೇ ಇದೆ, ಮಳೆ ನಿಂತ ಹೊತ್ತಿಗೆ ಕಿಟಕಿ ತೆರೆಯುತ್ತೇವೆ. ಮನೆಯೊಳಗೆ ಸೊಳ್ಳೆ ಕಾಯಿಲ್ ಹಚ್ಚುವುದನ್ನೂ ಆ ಕೋಣೆಯಲ್ಲಿ ನಿಲ್ಲಿಸಿದ್ದೇವೆ.

ಬಂಗುಡೆ, ತೆಂಗಿನೆಣ್ಣೆ

ಸರಿಯಾಗಿ ಓಡುತ್ತಿದ್ದ ಸ್ಕಿಮ್ಮರಿನ ನೊರೆ ಇದ್ದಕ್ಕಿದ್ದಂತೆ ಕುಸಿದು, ಕೆಲವು ಗಂಟೆ ಬಿಟ್ಟು ತಾನೇ ಎದ್ದರೆ ಎಣ್ಣೆ ತಾಗಿದೆ ಅಂತ ತಿಳಿಯಬೇಕು. ಕರಾವಳಿಯ ಮನೆಗಳಲ್ಲಿ ಇದಕ್ಕೆ ದಾರಿ ಬೇಕಾದಷ್ಟು. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲೇ ಗಾಜು ಒರೆಸಲು ನೀರಿಗೆ ಕೈಹಾಕಿದರೆ ಮುಗಿಯಿತು. ಇನ್ನೊಂದು, ತಾಜಾ ಮೀನು ಕೊಚ್ಚಿ ಹಾಕುವುದು. ಬಂಗುಡೆ, ಬೂತಾಯಿ ಎರಡೂ ಜಿಡ್ಡಿನ ಮೀನು. ಹಾಕಿದ ಕೂಡಲೇ ನೀರಿನ ಮೇಲೆ ಪೊರೆ ಕಾಣುತ್ತದೆ, ನೊರೆ ಮಲಗುತ್ತದೆ. ನಾನು ಸಿಗಡಿಯನ್ನು ಸಣ್ಣಗೆ ಹೆಚ್ಚಿ, ಜಾಲರಿಯಲ್ಲಿ ತೊಳೆದು ಕೊಡುತ್ತೇನೆ. ಅಂಥ ದಿನ ವಾಲ್ವ್ ಮುಟ್ಟುವ ಅಗತ್ಯ ಇಲ್ಲ. ಮುಚ್ಚಿ ಮಟ್ಟ ಏರಿಸಿದರೆ, ಎಣ್ಣೆ ಹೋದ ಮೇಲೆ ರಾತ್ರಿ ಕಪ್ ತುಂಬಿ ಹರಿಯುತ್ತದೆ.

ಉಲ್ಟಾ ಕಾಯಿಲೆಯೂ ಉಂಟು. ಎಪಾಕ್ಸಿ ಪುಟ್ಟಿಯಲ್ಲಿ ಕಲ್ಲು ಅಂಟಿಸಿದಾಗ, ಕ್ಲೋರಿನ್ ತೆಗೆಯುವ ಕೆಲವು ದ್ರಾವಣ ಅಥವಾ ಔಷಧಿ ಹಾಕಿದಾಗ ನೊರೆ ಹುಚ್ಚಾಗಿ ಉಕ್ಕುತ್ತದೆ. ವಾಲ್ವ್ ಪೂರ್ತಿ ತೆರೆದು ಡ್ರೈನನ್ನು ಸಂಪಿಗೆ ಬಿಟ್ಟು ಸುಮ್ಮನಿದ್ದರಾಯಿತು.

ಕರೆಂಟ್ ಹೋಗಿ ಬಂದಾಗ

ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವುದು, ಬರುವುದು, ಮತ್ತೆ ಹೋಗುವುದು ಇಲ್ಲಿ ಹೇಳಬೇಕಾದ ಸುದ್ದಿಯೇ ಅಲ್ಲ. ಪಂಪು ನಿಂತ ಕೂಡಲೇ ಮೇಲಿನ ಟ್ಯಾಂಕಿನ ಎರಡೂವರೆ ಸೆಂ.ಮೀ. ನೀರು ಕೆಳಗಿಳಿಯುತ್ತದೆ, ಅಷ್ಟಕ್ಕೇ 13 ಲೀಟರ್ ಚಿಲ್ಲರೆ. ರಿಟರ್ನ್ ಖಾನೆ ತುಂಬಿ ಬ್ಯಾಫಲ್ ಮುಳುಗಿದ ಮೇಲೂ ಸ್ಕಿಮ್ಮರಿನ ಖಾನೆಯಲ್ಲಿ ಎರಡು ಸೆಂಟಿಮೀಟರಿಗೂ ಹೆಚ್ಚು ಏರುತ್ತದೆ. ಕರೆಂಟ್ ಬಂದಾಗ ಸ್ಕಿಮ್ಮರ್ ಆ ಎತ್ತರದ ನೀರಿನಲ್ಲೇ ಶುರುವಾಗಿ, ರಿಟರ್ನ್ ಪಂಪು ನೀರನ್ನು ಮೇಲೆ ಕಳಿಸುವಷ್ಟರಲ್ಲಿ ಕಪ್ ತುಂಬಿಸಿಬಿಡುತ್ತದೆ.

ಇದಕ್ಕೆ ಫ್ಲೋಟ್ ಸ್ವಿಚ್ ಹಾಕಿದೆ. ಮಾಮೂಲು ಮಟ್ಟಕ್ಕಿಂತ ಒಂದು ಸೆಂ.ಮೀ. ಮೇಲೆ ಅದರ ಜಾಗ. ನೀರು ಅಲ್ಲಿಗೆ ಮುಟ್ಟಿದರೆ ಸ್ಕಿಮ್ಮರ್ ಬಂದ್, ಇಳಿದರೆ ಚಾಲೂ. ವಯರಿಂಗಿಗೆ ಹೆಂಡತಿಯ ತಮ್ಮ ಬಂದಿದ್ದ, ಎಲೆಕ್ಟ್ರಿಕ್ ಕೆಲಸ ಬಲ್ಲವ. ಸ್ವಿಚ್ಚನ್ನು ತಿರುಗಿಸಿ ನೋಡಿದವನೇ, "ಭಾವ, ಇದರ ಮೂಲಕ ನೇರ 230 ವೋಲ್ಟ್ ಬಿಡ್ಬೇಡಿ. ಇದು ಸಣ್ಣ ರೀಡ್ ಸ್ವಿಚ್ಚು, ಅಂಟಿಕೊಂಡ್ರೆ ಆಯ್ತು ಕಥೆ" ಅಂದ. 12 ವೋಲ್ಟಿನಲ್ಲಿ ಓಡಿ ದೊಡ್ಡ ಲೈನನ್ನು ಆನ್-ಆಫ್ ಮಾಡುವ ರಿಲೇ ಮಧ್ಯೆ ಹಾಕಿ, ಅಡಾಪ್ಟರನ್ನೂ ರಿಲೇ ಡಬ್ಬವನ್ನೂ ಕ್ಯಾಬಿನೆಟ್ಟಿನ ಹೊರಗೆ ಗೋಡೆಗೆ ಬಿಗಿದೆವು.

ಹೊರಗೆ ಯಾಕೆಂದರೆ ಉಪ್ಪು. ಸ್ಕಿಮ್ಮರ್ ಎಬ್ಬಿಸುವ ತುಂತುರು ಒಣಗಿ ಎಲ್ಲೆಲ್ಲೂ ಬೆಳ್ಳಗೆ ಕೂರುತ್ತದೆ. ಬೇಸಿಗೆಯಲ್ಲಿ ಅದು ಪುಡಿ, ಒರೆಸಿದರೆ ಹೋಯಿತು. ಜೂನ್ ಬಂತೆಂದರೆ ಅದೇ ಉಪ್ಪು ಗಾಳಿಯ ತೇವ ಹೀರಿ ಒದ್ದೆಯಾಗಿ ವಯರಿನ ಗುಂಟ ಇಳಿಯುತ್ತದೆ. ಪ್ಲಗ್ ಪಾಯಿಂಟ್ ಕೆಳಗಿದ್ದರೆ ನೇರ ಅದರೊಳಕ್ಕೆ. ಪ್ರತಿ ವಯರೂ ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತು ಬಿದ್ದು ಮೇಲೇರುವಂತೆ ಇರಬೇಕು. ಟ್ಯಾಂಕಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಬೇಕೇಬೇಕು. ಇದರಲ್ಲಿ ಉಳಿತಾಯದ ಮಾತಿಲ್ಲ.

ಇನ್ವರ್ಟರಿಗೆ ಸ್ಕಿಮ್ಮರ್ ಕೊಟ್ಟಿಲ್ಲ. ಕತ್ತಲಲ್ಲಿ ಮೀನಿಗೆ ಬೇಕಾದದ್ದು ಆಮ್ಲಜನಕ, ಅದಕ್ಕೆ ಬ್ಯಾಟರಿಯ ಏರ್ ಪಂಪು ಸಾಕು. ಸ್ಕಿಮ್ಮರ್ ಒಂದು ರಾತ್ರಿ ನಿಂತರೆ ಏನೂ ಆಗುವುದಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಸಿ ಪಂಪು ಓಡಿಸಿದರೆ ಗುಂಯ್ ಅಂತ ಬಿಸಿಯಾಗುತ್ತದೆ. ಕರೆಂಟ್ ಬಂದ ಮೇಲೆ ಗಾಳಿ ಎಳೆಯುತ್ತಿದೆಯೋ ಅಂತ ಪೈಪಿನ ಬಾಯಿಗೆ ಬೆರಳಿಟ್ಟು ನೋಡಿ. ಕೆಲವು ಎಸಿ ಪಂಪುಗಳ ಇಂಪೆಲ್ಲರ್ ಒಮ್ಮೊಮ್ಮೆ ಉಲ್ಟಾ ದಿಕ್ಕಿಗೆ ಶುರುವಾಗುವುದುಂಟು. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ.

ಈಗ ಡ್ರೈನ್ ಪೈಪು ಸಂಪಿಗಲ್ಲ, ಕ್ಯಾಬಿನೆಟ್ಟಿನ ಮೂಲೆಯ ಐದು ಲೀಟರಿನ ಕ್ಯಾನಿಗೆ ಹೋಗುತ್ತದೆ. ಕ್ಯಾನಿನ ಮುಚ್ಚಳದಲ್ಲಿ ಗಾಳಿ ಹೋಗಲು ಒಂದು ತೂತು ಬೇಕು, ಇಲ್ಲದಿದ್ದರೆ ಪೈಪಿನಲ್ಲಿ ಗಾಳಿ ಕಟ್ಟಿ ಕೊಳೆ ಇಳಿಯದೆ ಕಪ್‌ನಲ್ಲೇ ನಿಲ್ಲುತ್ತದೆ. ಆ ತೂತಿನಿಂದ ಬರುವ ನಾತದ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯ ಇಲ್ಲ. ತೂತಿನ ಮೇಲೆ ಇದ್ದಿಲಿನ ಪುಟ್ಟ ಚೀಲ ಕಟ್ಟಿದ ಮೇಲೆ ಮಾತು ಕಡಿಮೆಯಾಗಿದೆ. ತುಂಬಿದ ಕ್ಯಾನನ್ನು ಹಿತ್ತಿಲಿನ ತೆಂಗಿನ ಬುಡಕ್ಕೆ ಹೊಯ್ಯುತ್ತೇವೆ. ತೆಂಗಿಗೆ ಉಪ್ಪು ಆಗುತ್ತದೆ, ಹಿಂದಿನಿಂದಲೂ ಹಾಕುತ್ತಿದ್ದರು. ಬಸಳೆ ಚಪ್ಪರದ ಕಡೆಗೆ ಮಾತ್ರ ಹೋಗಬಾರದು ಅಂತ ಅತ್ತೆಯ ಆರ್ಡರ್ ಆಗಿದೆ.